ಶ್ರೀಲಂಕಾ ಪ್ರವಾಸ: ಅನುರಾಧಪುರ ಬಿಡಬೇಡಿ

ಪ್ರಶ್ನೆ: ಆಗಸ್ಟ್‌ನಲ್ಲಿ ಅಪ್ಪ-ಅಮ್ಮನ ಜೊತೆ ಶ್ರೀಲಂಕಾಕ್ಕೆ ಹೊರಟಿದ್ದೇವೆ, ಆರು ದಿನ. ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿಯಲ್ಲಿ ಸಿಗಿರಿಯಾ, ಕ್ಯಾಂಡಿ, ನುವಾರ ಎಲಿಯ, ಬೆಂಟೋಟ ಇವೆ. ಅನುರಾಧಪುರ ಕೇಳಿದರೆ "ಅಲ್ಲೇನಿದೆ ಸರ್, ಬರೀ ಹಳೇ ಇಟ್ಟಿಗೆ" ಅನ್ನುತ್ತಾರೆ. ನಿಜವೇ?
– ಓದುಗರು, ದಾವಣಗೆರೆ

ಉತ್ತರ: ಇಟ್ಟಿಗೆ ಅನ್ನುವುದು ನಿಜ, "ಬರೀ" ಅನ್ನುವುದು ಸುಳ್ಳು. ಬೆಂಟೋಟ ಕೈಬಿಟ್ಟು ಆ ಸಮಯವನ್ನು ಶ್ರೀಲಂಕಾದ ಪ್ರಾಚೀನ ರಾಜಧಾನಿ ಅನುರಾಧಪುರಕ್ಕೆ ಕೊಡಿ. ಸಮುದ್ರ ತೀರ ನಮಗೂ ಇದೆ, ಜೇತವನದಂಥ ಸ್ತೂಪ ಎಲ್ಲೂ ಇಲ್ಲ. ಕ್ರಿ.ಶ. 3ನೇ ಶತಮಾನದಲ್ಲಿ ಮಹಾಸೇನ ರಾಜ ಆರಂಭಿಸಿದ ಈ ಸ್ತೂಪದ ಮೂಲ ಎತ್ತರ ಸುಮಾರು 122 ಮೀಟರ್. ಆ ಕಾಲಕ್ಕೆ ಇದಕ್ಕಿಂತ ಎತ್ತರ ಇದ್ದದ್ದು ಈಜಿಪ್ಟಿನ ಗೀಜಾದ ಎರಡು ದೊಡ್ಡ ಪಿರಮಿಡ್‌ಗಳು ಮಾತ್ರ. ಈಗ ಉಳಿದಿರುವುದು 70 ಮೀಟರ್ ಚಿಲ್ಲರೆ. ಬಳಸಿದ ಇಟ್ಟಿಗೆ ಒಂಬತ್ತು ಕೋಟಿಗೂ ಹೆಚ್ಚು ಎಂದು ಅಂದಾಜು.

ಇಷ್ಟು ಭಾರ ನೆಲ ಹೇಗೆ ತಡೆಯಿತು? ಇದಕ್ಕಿಂತ ನಾಲ್ಕೈದು ಶತಮಾನ ಹಿಂದೆ, ದುಟ್ಟಗಾಮಣಿ ರಾಜ ರುವನ್ವೆಲಿಸಾಯ ಸ್ತೂಪಕ್ಕೆ ಹಾಕಿಸಿದ ಪಾಯದ ವಿವರ ಶ್ರೀಲಂಕಾದ ಹಳೆಯ ಪಾಲಿ ಇತಿಹಾಸಗ್ರಂಥ ಮಹಾವಂಶದಲ್ಲಿದೆ. ಗುಂಡುಕಲ್ಲು ತರಿಸಿ, ಸುತ್ತಿಗೆಯಿಂದ ಪುಡಿ ಮಾಡಿಸಿ, ಕಾಲಿಗೆ ಚರ್ಮ ಕಟ್ಟಿದ ಆನೆಗಳಿಂದ ತುಳಿಸಿದರಂತೆ. ಆ ಸ್ತೂಪ ಇಂದಿಗೂ ಸುಣ್ಣದ ಬಿಳುಪಿನಲ್ಲಿ ನಿಂತಿದೆ. ಬಿಳಿ ಬಟ್ಟೆ ತೊಟ್ಟು ನೈದಿಲೆ ಹಿಡಿದು ಬರುವ ಭಕ್ತರು ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಅಶೋಕನ ಮಗಳು ಸಂಘಮಿತ್ತೆ ತಂದಳೆಂಬ ಬೋಧಿವೃಕ್ಷ ಅಲ್ಲಿಂದ ನಡೆದು ಹೋಗುವಷ್ಟೇ ದೂರ.

ದೊಡ್ಡದನ್ನು ನೋಡಿದ ಮೇಲೆ ಸಣ್ಣದೊಂದನ್ನು ಕೂತು ನೋಡಿ. ಹಳೆಯ ಬೌದ್ಧ ವಿಹಾರವಾದ ಅಭಯಗಿರಿಯ ಭಾಗದಲ್ಲಿ "ಮಹಾಸೇನನ ಅರಮನೆ" ಎಂದು ಕರೆಯುವ ಕಟ್ಟಡದ ಮೆಟ್ಟಿಲ ಬುಡದಲ್ಲಿ ಅರ್ಧಚಂದ್ರಾಕಾರದ ಕಲ್ಲೊಂದಿದೆ. ಸಿಂಹಳದಲ್ಲಿ ಇದು ಸಂದಕಡ ಪಹನ. ಹೊರ ಅಂಚಿನಲ್ಲಿ ಜ್ವಾಲೆ. ಅದರ ಒಳಗೆ ಆನೆ, ಕುದುರೆ, ಸಿಂಹ, ಎತ್ತು ಒಂದರ ಹಿಂದೊಂದು ಓಡುತ್ತಿವೆ. ಆಮೇಲೆ ಬಳ್ಳಿ, ಆಮೇಲೆ ಕೊಕ್ಕಿನಲ್ಲಿ ಹೂಕುಡಿ ಕಚ್ಚಿದ ಹಂಸಗಳು, ನಡುವೆ ಅರ್ಧ ಕಮಲ. ಆಸೆಯ ಬೆಂಕಿ ದಾಟಿ, ಹುಟ್ಟು-ಮುಪ್ಪು-ರೋಗ-ಸಾವಿನ ಸುತ್ತು ಕಳಚಿ, ವಿವೇಕದಿಂದ ನಿರ್ವಾಣಕ್ಕೆ ಹೋಗುವ ದಾರಿ ಇದು ಎಂದು ಪುರಾತತ್ವಜ್ಞ ಸೇನಾರತ್ ಪರಣವಿತಾನ ವಿವರಿಸಿದ್ದಾರೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಆನೆಗಳ ನಡಿಗೆಯ ಭಾರ, ಕುದುರೆಗಳ ಓಟದ ಹುರುಪು ಕಂಡರೆ ಸಾಕು, ಅರ್ಥದ ಚರ್ಚೆ ಆಮೇಲಾಗಲಿ.

ಈ ಭಾಗ ಒಣನಾಡು, ಆಗಸ್ಟ್‌ನಲ್ಲಿ ಬಿಸಿಲು ಜೋರು. ಹಿರಿಯರನ್ನು ಬೆಳಿಗ್ಗೆ ಆರೂವರೆಗೇ ಹೊರಡಿಸಿ, ಹನ್ನೊಂದಕ್ಕೆ ರೂಮಿಗೆ ಕರೆದುಕೊಂಡು ಹೋಗಿ, ನಾಲ್ಕರ ಮೇಲೆ ಮತ್ತೆ ಬನ್ನಿ. ಸಂಜೆ ತಿಸ್ಸವೆವ ಕೆರೆ ಏರಿಯ ಮೇಲೆ ನಡೆಯಿರಿ. ಕೆರೆಗಳಿಲ್ಲದೆ ಈ ಊರೂ ಇಲ್ಲ, ಸ್ತೂಪಗಳೂ ಇಲ್ಲ. ಸಾವಿರಾರು ಭಿಕ್ಷುಗಳಿಗೆ ಅನ್ನ ಬಂದದ್ದು ಈ ನೀರಿನಿಂದ ಬೆಳೆದ ಭತ್ತದಿಂದ. ದೊಡ್ಡ ಕೆರೆಗಳ ತೂಬಿಗೆ ನೀರಿನ ಒತ್ತಡ ತಡೆಯಲು ಆ ಕಾಲದವರು ಕಟ್ಟುತ್ತಿದ್ದ ಕಲ್ಲಿನ ಚೌಕ ಬಾವಿಗೆ ಬಿಸೋಕೊಟುವ ಎನ್ನುತ್ತಾರೆ. ಕೆರೆ ನೀರಿನಲ್ಲಿ ಬೇಸಾಯ ಮಾಡುವವರು ನಿಮ್ಮ ಮನೆಯಲ್ಲಿದ್ದರೆ ಇದನ್ನು ತಪ್ಪದೆ ತೋರಿಸಿ.

ಪ್ರಶ್ನೆ: ಪೊಲೊನ್ನರುವದ ಗಲ್ ವಿಹಾರದಲ್ಲಿ ಮಲಗಿರುವ ಬುದ್ಧ ನಿದ್ರಿಸುತ್ತಿದ್ದಾನೋ, ತೀರಿಕೊಂಡಿದ್ದಾನೋ? ಗೈಡ್‌ಗಳು ಒಬ್ಬೊಬ್ಬರು ಒಂದೊಂದು ಹೇಳಿದರು.
– ಓದುಗರು, ಶಿವಮೊಗ್ಗ

ಉತ್ತರ: ಪಾದ ನೋಡಬೇಕು. ವಿಶ್ರಾಂತಿಯ ಮೂರ್ತಿಯಲ್ಲಿ ಎರಡೂ ಪಾದಗಳ ಬೆರಳುಗಳು ಸರಿಸಮ ಇರುತ್ತವೆ. ಗಲ್ ವಿಹಾರದಲ್ಲಿ ಮೇಲಿನ ಎಡಪಾದ ಕೊಂಚ ಹಿಂದೆ ಸರಿದಿದೆ. ಇದು ಪರಿನಿರ್ವಾಣ, ಅಂದರೆ ಬುದ್ಧನ ಅಂತಿಮ ಗಳಿಗೆ. ಹಾಗೇ ತಲೆಯ ಕಡೆ ಬನ್ನಿ: ಉರುಳೆ ದಿಂಬು ತಲೆಯ ಭಾರಕ್ಕೆ ತಗ್ಗಿದೆ. ಗಟ್ಟಿ ಬಂಡೆಯಲ್ಲಿ ಆ ತಗ್ಗನ್ನು ಕೆತ್ತಿದ ಕೈಗೆ ನಾನು ತಲೆಬಾಗುತ್ತೇನೆ. ಮೂರ್ತಿಯ ಉದ್ದ ಸುಮಾರು 14 ಮೀಟರ್. 12ನೇ ಶತಮಾನದಲ್ಲಿ, ಮೊದಲನೇ ಪರಾಕ್ರಮಬಾಹುವಿನ ಕಾಲದಲ್ಲಿ, ಅಲ್ಲಿರುವ ನಾಲ್ಕೂ ಮೂರ್ತಿಗಳನ್ನು ಒಂದೇ ಬಂಡೆಯಲ್ಲಿ ಕಡೆದದ್ದು. ಪಕ್ಕದಲ್ಲಿ ಎದೆಯ ಮೇಲೆ ಕೈಕಟ್ಟಿ ನಿಂತವನು ದುಃಖಿಸುವ ಆನಂದ, ಬುದ್ಧನ ಶಿಷ್ಯ, ಎಂದು ಹಿಂದೆ ಹೇಳುತ್ತಿದ್ದರು. ಆದರೆ ಅವನ ಕಾಲಡಿ ಕಮಲಪೀಠವಿದೆ, ಹಾಗಾಗಿ ಅವನೂ ಬುದ್ಧನೇ ಎಂಬ ವಾದ ನನಗೆ ಸರಿ ಕಾಣುತ್ತದೆ.

ಪೊಲೊನ್ನರುವದಲ್ಲಿ ಇನ್ನೊಂದು ಗಮನಿಸಿ. ಅಲ್ಲಿನ ಅರ್ಧಚಂದ್ರ ಕಲ್ಲುಗಳಲ್ಲಿ ಎತ್ತು ಕಾಣುವುದಿಲ್ಲ. 11ನೇ ಶತಮಾನದಲ್ಲಿ ಚೋಳರು ಈ ಊರನ್ನು ತಮ್ಮ ರಾಜಧಾನಿ ಮಾಡಿಕೊಂಡಿದ್ದರು. ಅವರ ಶಿವದೇವಾಲಯ ಈಗಲೂ ಅಲ್ಲಿದೆ. ನಂದಿಯನ್ನು ಪೂಜಿಸುವವರ ನಡುವೆ ಎತ್ತನ್ನು ತುಳಿಯುವ ಕಲ್ಲಿನಲ್ಲಿ ಕೆತ್ತುವುದು ಬೇಡ ಅನ್ನಿಸಿರಬೇಕು ಎಂಬುದು ಸಾಮಾನ್ಯವಾಗಿ ಕೊಡುವ ಕಾರಣ.

ಪ್ರಶ್ನೆ: ಕ್ಯಾಂಡಿಯಲ್ಲಿ ದಂತ ದೇವಾಲಯ ಬಿಟ್ಟು ಒಂದೇ ಒಂದು ಕಡೆ ಹೋಗುವುದಾದರೆ ಎಲ್ಲಿಗೆ?
– ಓದುಗರು, ಮೈಸೂರು

ಉತ್ತರ: ಎಂಬೆಕ್ಕೆ ದೇವಾಲೆ. ಕತರಗಾಮ ದೇವರ, ಅಂದರೆ ನಮ್ಮ ಸ್ಕಂದನ ಗುಡಿ, 14ನೇ ಶತಮಾನದ ಗಂಪೊಲ ಅರಸರ ಕಾಲದ್ದು. ಅದರ ಡೋಲು ಮಂಟಪದ ಮರದ ಕಂಬಗಳಲ್ಲಿ ಕುಸ್ತಿ ಹಿಡಿದ ಜಟ್ಟಿಗಳಿದ್ದಾರೆ, ಹಂಸಗಳಿವೆ, ಮತ್ತೆ ಎರಡು ತಲೆಯ ಹಕ್ಕಿಯೂ ಇದೆ. ಅಲ್ಲಿಯೂ ಅದನ್ನು ಭೇರುಂಡ ಎಂದೇ ಕರೆಯುತ್ತಾರೆ. ಬಳ್ಳಿಗಾವಿಯ 1047ರ ಗಂಡಭೇರುಂಡ ಕಂಬ ನೋಡಿದ ಕನ್ನಡಿಗರು ಅಲ್ಲಿ ಒಂದು ಕ್ಷಣ ನಿಲ್ಲದೇ ಇರಲಾರರು. ಹೊರಡುವ ಮುಂಚೆ ಮಾಡು ನೋಡಿ: ಒಂದು ತುದಿಯಲ್ಲಿ 26 ಪಕಾಸಿಗಳು ಒಂದೇ ಮರದ ಗೂಟಕ್ಕೆ ಬಂದು ಸೇರಿವೆ. ಅದಕ್ಕೆ ಮದೊಲ್ ಕುರುಪಾವ ಎಂದು ಹೆಸರು.

ಪ್ರಶ್ನೆ: ಬಟ್ಟೆ, ಫೋಟೊ ವಿಷಯದಲ್ಲಿ ಎಚ್ಚರ ಏನು?
– ಓದುಗರು, ಹುಬ್ಬಳ್ಳಿ

ಉತ್ತರ: ಭುಜ, ಮೊಣಕಾಲು ಮುಚ್ಚಿರಲಿ. ಚಪ್ಪಲಿ ಜೊತೆಗೆ ಟೋಪಿಯನ್ನೂ ತೆಗೆಯಬೇಕು. ಮಧ್ಯಾಹ್ನದ ಕಲ್ಲು ಕಾಲು ಸುಡುತ್ತದೆ, ಒಂದು ಜೊತೆ ಸಾಕ್ಸ್ ಬ್ಯಾಗಿನಲ್ಲಿರಲಿ. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳಲೇಬೇಡಿ, ಅಲ್ಲಿನವರಿಗೆ ಅದು ನಿಜಕ್ಕೂ ನೋವಿನ ಸಂಗತಿ. ಸಿಗಿರಿಯಾದ ಭಿತ್ತಿಚಿತ್ರಗಳ ಫೋಟೊ ತೆಗೆಯುವಂತಿಲ್ಲ. ಹುಣ್ಣಿಮೆ, ಅಂದರೆ ಪೋಯ ದಿನ, ದೇಶಕ್ಕೆಲ್ಲ ರಜೆ. ಬೌದ್ಧಧರ್ಮ ಶ್ರೀಲಂಕಾಕ್ಕೆ ಬಂದ ನೆನಪಿನ ಜೂನ್‌ನ ಪೊಸೊನ್ ಪೋಯಕ್ಕೆ ಅನುರಾಧಪುರ, ಮಿಹಿಂತಲೆಗಳಲ್ಲಿ ಭಾರಿ ಜನ ಸೇರುತ್ತಾರೆ, ಆಗ ಹೋಗುವುದಾದರೆ ರೂಮನ್ನು ಬಹಳ ಮುಂಚೆಯೇ ಕಾದಿರಿಸಿ.