ಬಿಸಿಯೂಟದ ಹೊತ್ತಲ್ಲಿ ಮೇಷ್ಟ್ರು ಮಕ್ಕಳ ಜೊತೆ ಕೂತು ಉಣ್ಣಬೇಕಾ?

ನೀವು ಹೊಸದಾಗಿ ಸರ್ಕಾರಿ ಶಾಲೆಗೆ ಸೇರಿದ್ದೀರಿ. ಬೆಳಿಗ್ಗೆಯಿಂದ ಕೂಗಿ ಕೂಗಿ ಸಾಕಾಗಿರುತ್ತದೆ, ಮಧ್ಯಾಹ್ನದ ಬಿಡುವನ್ನೂ ಮಕ್ಕಳ ಮಧ್ಯೆಯೇ ಕಳೆದರೆ ಸಿಗುವುದೇನು ಅಂತ ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆಯೇ.

ನಾನು ತೀರ್ಥಹಳ್ಳಿ ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಒಂದರಿಂದ ಐದನೇ ಕ್ಲಾಸು, ಎಲ್ಲ ಸೇರಿ 22 ಮಕ್ಕಳು. ಮೊದಲ ಮೂರು ವರ್ಷ ನಾನೂ ಆಫೀಸ್ ರೂಮಿನ ಬಾಗಿಲು ಮುಂದೆ ಮಾಡಿಕೊಂಡು ಉಂಡವನೇ.

ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕು, ಅದು ನಿಮಗೂ ಗೊತ್ತಿರುತ್ತದೆ. ಒಂದು ದಿನ ಯಾವುದೋ ಮಾಹಿತಿ ತುರ್ತಾಗಿ ಕಳಿಸಬೇಕಿತ್ತು. ಸೌಟು ಮುಟ್ಟದೆ ‘ಚೆನ್ನಾಗಿದೆ’ ಅಂತ ಬರೆದು ಸಹಿ ಹಾಕಿದೆ. ಊಟ ಮುಗಿದ ಮೇಲೆ ನೋಡಿದರೆ ಕುಡಿಯುವ ನೀರಿನ ಕೊಡ ಪೂರ್ತಿ ಖಾಲಿ. ಅಡುಗೆಯ ಅಕ್ಕಂದಿರು ಇಬ್ಬರೂ ಒಬ್ಬರಿಗೆ ಗೊತ್ತಿಲ್ಲದ ಹಾಗೆ ಒಬ್ಬರು ಸಾಂಬಾರಿಗೆ ಉಪ್ಪು ಹಾಕಿದ್ದರು. ಮಕ್ಕಳು ಸುಮ್ನೆ ಉಂಡು, ನೀರು ಕುಡಿದು ಎದ್ದಿದ್ದರು. ಯಾಕ್ರೋ ಹೇಳಲಿಲ್ಲ ಅಂದರೆ ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು, ‘ನೀವೇ ಚೆನ್ನಾಗಿದೆ ಅಂತ ಬರೆದಿದ್ರಲ್ಲ ಸರ್’ ಅಂದಳು.

ಮಾರನೇ ದಿನದಿಂದ ನಾನು ಜಗಲಿಯ ಸಾಲಿನಲ್ಲೇ ಕೂತೆ. ನಾಚಿಕೆಗೆ ಶುರುವಾಗಿದ್ದು, ದೊಡ್ಡ ಮನಸ್ಸಿನಿಂದ ಅಲ್ಲ.

ಕೂತ ಮೇಲೆ ಕಂಡದ್ದನ್ನು ಹೇಳುತ್ತೇನೆ. ಮೂರನೇ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಬೋರ್ಡ್ ಮೇಲಿನದನ್ನು ಬರೆದುಕೊಳ್ಳುವಾಗ ಸಾಲುಗಟ್ಟಲೆ ತಪ್ಪು. ಸೋಮಾರಿ ಅಂತ ನಾನು ತೀರ್ಮಾನ ಮಾಡಿಯಾಗಿತ್ತು, ಬೈದದ್ದೂ ಉಂಟು. ಒಂದು ದಿನ ಉಪ್ಪಿಟ್ಟು. ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮೂಗಿಗೆ ತಾಗುವಷ್ಟು ಹತ್ತಿರ ತಂದು, ಹಸಿಮೆಣಸಿನ ಚೂರನ್ನು ಹುಡುಕಿ ಆರಿಸುತ್ತಿದ್ದ. ಪಕ್ಕದವರೆಲ್ಲ ತಟ್ಟೆ ನೆಲದ ಮೇಲಿಟ್ಟೇ ಆರಿಸಿ ಬದಿಗಿಡುತ್ತಿದ್ದರು. ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಶಾಲೆಗೆ ಆರೋಗ್ಯ ತಪಾಸಣೆಗೆ ಬರುವ ಡಾಕ್ಟರಿಗೆ ಹೇಳಿದೆ, ಕಣ್ಣು ಪರೀಕ್ಷೆ ಆಯಿತು, ಕನ್ನಡಕ ಬಂತು. ಎರಡು ವರ್ಷ ಅವನ ಎದುರು ನಿಂತು ಪಾಠ ಮಾಡಿದ್ದೆ, ಗೊತ್ತಾಗಿರಲಿಲ್ಲ. ಪಕ್ಕದಲ್ಲಿ ಕೂತ ಮೇಲೆ ಕಾಣಿಸಿತು.

ಪಾಠವೂ ಆಗುತ್ತದೆ, ಅದರ ಪಾಡಿಗೆ ಅದು. ನಮ್ಮ ಕಡೆ ಆಷಾಢದ ಮಳೆಯಲ್ಲಿ ಹಳ್ಳ ಏರಿತು ಅಂದರೆ ಆಚೆ ದಡದ ಮಕ್ಕಳು ಬರುವುದಿಲ್ಲ. 22 ಇದ್ದದ್ದು 14 ಆಗುತ್ತದೆ. ಒಂದು ಮಗುವಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ. ಹಾಜರಿ ಮುಗಿದ ಕೂಡಲೇ ಐದನೆಯವರು ಲೆಕ್ಕ ಹಾಕಿ ಅಡುಗೆ ಅಕ್ಕನಿಗೆ ಹೇಳಬೇಕು: ಒಂದು ಕೆಜಿ 400 ಗ್ರಾಂ ಅಕ್ಕಿ, 280 ಗ್ರಾಂ ಬೇಳೆ. ತಪ್ಪಿದರೆ ಅಕ್ಕನೇ ನಗುತ್ತಾರೆ, ನಾನು ಕೆಂಪು ಪೆನ್ನು ತೆಗೆಯುವ ಕೆಲಸವೇ ಇಲ್ಲ.

ಮಕ್ಕಳು ನನಗೇ ಕಲಿಸುವುದೂ ಜಾಸ್ತಿ. ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ಎಷ್ಟು ದಿನ ನೀರು ಬದಲಿಸಿ ನೆನೆಸಬೇಕು, ಯಾರ ಮನೆ ಹಿತ್ತಲಿನ ಹಲಸು ಗಟ್ಟಿ ತೊಳೆಯ ಬಕ್ಕೆ ಜಾತಿಯದ್ದು, ಇದನ್ನೆಲ್ಲ ಬಯಲುಸೀಮೆಯಿಂದ ಬಂದ ನಾನು ಕಲಿತದ್ದು ಆ ಸಾಲಿನಲ್ಲೇ.

ನಿವೃತ್ತರಾದ ಹಿರಿಯ ಮೇಷ್ಟ್ರೊಬ್ಬರು ಹೇಳುತ್ತಿದ್ದರು. ಮೊದಲೆಲ್ಲ ತಿಂಗಳಿಗೆ ಮೂರು ಕೆಜಿ ಧಾನ್ಯವನ್ನು ಮಕ್ಕಳ ಮನೆಗೇ ಕೊಡುತ್ತಿದ್ದರಂತೆ. ಅಕ್ಷರ ದಾಸೋಹ ಅನ್ನುವ ಈ ಬಿಸಿಯೂಟದ ಯೋಜನೆ 2002ರಲ್ಲಿ ರಾಜ್ಯದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ನಮ್ಮ ಕಡೆಗೂ ಬಂತು. ಮನೆಗೆ ಹೋಗುವ ಅಕ್ಕಿಗೂ ಶಾಲೆಯಲ್ಲಿ ಒಟ್ಟಿಗೆ ಕೂತು ಉಣ್ಣುವ ಅನ್ನಕ್ಕೂ ಬಹಳ ವ್ಯತ್ಯಾಸ ಇದೆ ಅನ್ನುವುದು ಅವರ ಮಾತು. ನಮ್ಮಲ್ಲಿ ಒಬ್ಬ ಹುಡುಗ ಮನೆಯಿಂದ ಡಬ್ಬಿ ತಂದು ಮೆಟ್ಟಿಲ ಮೇಲೆ ಬೇರೆ ಕೂರುತ್ತಿದ್ದ. ಕಾರಣ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ನಾನು ಯಾರಿಗೂ ಭಾಷಣ ಮಾಡಲಿಲ್ಲ. ಮೇಷ್ಟ್ರೇ ಸಾಲಿನಲ್ಲಿ ಕೂತಿದ್ದು ನೋಡಿ, ದೀಪಾವಳಿ ರಜೆ ಮುಗಿಸಿ ಬಂದವನು ಡಬ್ಬಿ ಸಮೇತ ನನ್ನ ಪಕ್ಕ ಬಂದು ಕೂತ. ಆಮೇಲೆ ಡಬ್ಬಿಯೂ ನಿಂತಿತು.

ಎರಡು ವಿಷಯ ಎಚ್ಚರ ಇರಲಿ. ಅಕ್ಕಿ ಬೇಳೆ ಬರುವುದು ಮಕ್ಕಳ ತಲೆ ಲೆಕ್ಕಕ್ಕೆ. ಹಾಗಾಗಿ ನಾನು ರುಚಿಗೆ ಒಂದು ಸೌಟು ಹಾಕಿಸಿಕೊಳ್ಳುತ್ತೇನೆ, ಉಳಿದದ್ದು ಮನೆಯ ಮೊಸರನ್ನ. ಇನ್ನೊಂದು, ‘ಬೆಳಿಗ್ಗೆ ಏನು ತಿಂದೆ?’ ಅಂತ ಎಲ್ಲರ ಎದುರು ಕೇಳಬೇಡಿ. ನಾನು ಕೇಳಿದ್ದೆ. ಒಬ್ಬಳು ‘ದೋಸೆ’ ಅಂದಳು. ಆಮೇಲೆ ಮೂರನೇ ಸಲ ಅನ್ನ ಹಾಕಿಸಿಕೊಂಡಳು.

ದಿನಾ ಆಗದಿದ್ದರೆ ವಾರಕ್ಕೆ ಎರಡು ದಿನ ಕೂತು ನೋಡಿ. ಸುಸ್ತಾದ ದಿನ ನಾನೂ ಆಫೀಸಿಗೇ ಹೋಗುತ್ತೇನೆ, ಅದರಲ್ಲಿ ತಪ್ಪೇನಿಲ್ಲ. ತಟ್ಟೆ ಮಾತ್ರ ಮನೆಯಿಂದ ಒಯ್ಯಿರಿ, ಶಾಲೆಯದ್ದು ಲೆಕ್ಕಕ್ಕೆ ಸರಿಯಾಗಿರುತ್ತದೆ. ಮಳೆಗಾಲದಲ್ಲಿ ಜಗಲಿ ತಣ್ಣಗೆ ಕೊರೆಯುತ್ತದೆ, ಕೂರಲು ಒಂದು ಮಣೆಯೂ ಇರಲಿ.