ಪಿತ್ತನಾಳದ ದೊಡ್ಡ ಕಲ್ಲು: ಬಲೂನೋ, ಲೇಸರೋ?

ಪ್ರಶ್ನೆ: ನನ್ನ ತಂದೆಗೆ 71 ವರ್ಷ. ಕಾಮಾಲೆ ಮತ್ತು ಚಳಿಜ್ವರ ಬಂದಾಗ ಸ್ಕ್ಯಾನ್ ಮಾಡಿಸಿದೆವು. ಪಿತ್ತನಾಳದಲ್ಲಿ 18 ಮಿಲಿಮೀಟರ್ ಗಾತ್ರದ ಕಲ್ಲು ಇರುವುದು ತಿಳಿಯಿತು. ಇಆರ್‌ಸಿಪಿ (ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಎಕ್ಸ್‌ರೇ ನೋಡುತ್ತ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಮಾಡಿದರೂ ಕಲ್ಲು ಹೊರಬರಲಿಲ್ಲ, ಪ್ಲಾಸ್ಟಿಕ್ ಸ್ಟೆಂಟ್ ಇಟ್ಟು ಮನೆಗೆ ಕಳುಹಿಸಿದ್ದಾರೆ. ದೊಡ್ಡ ಬಲೂನಿನಿಂದ ನಾಳದ ಬಾಯಿ ಹಿಗ್ಗಿಸಿ ತೆಗೆಯಬಹುದು ಎಂದು ಒಬ್ಬ ವೈದ್ಯರು ಹೇಳುತ್ತಾರೆ. ಲೇಸರಿನಿಂದ ಪುಡಿ ಮಾಡುವುದೇ ಸರಿ ಎಂದು ಇನ್ನೊಬ್ಬರು. ಯಾವುದು ಉತ್ತಮ? ಈಗ ನೋವೇ ಇಲ್ಲದಿರುವುದರಿಂದ ಸ್ಟೆಂಟನ್ನು ಹಾಗೆಯೇ ಬಿಟ್ಟರೆ ಆಗದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಪ್ರಮಾದ ಹೆಚ್ಚಾಗಿ ಆಗುವುದು ಅಲ್ಲಿಯೇ. ಆಗದು. ಪ್ಲಾಸ್ಟಿಕ್ ಸ್ಟೆಂಟ್ ಎಂದರೆ ಎರಡು-ಮೂರು ಮಿಲಿಮೀಟರ್ ದಪ್ಪದ ಸಣ್ಣ ಕೊಳವೆ. ಕಲ್ಲಿನ ಪಕ್ಕದಲ್ಲಿ ನುಸುಳಿಕೊಂಡು ಪಿತ್ತರಸಕ್ಕೆ ದಾರಿ ಮಾಡಿಕೊಡುವುದಷ್ಟೇ ಅದರ ಕೆಲಸ. ತಿಂಗಳುಗಳು ಕಳೆದಂತೆ ಅದರೊಳಗೆ ಬ್ಯಾಕ್ಟೀರಿಯಾದ ಪದರ ಮತ್ತು ಕೆಸರು ಕಟ್ಟಿಕೊಳ್ಳುತ್ತವೆ; ಒಮ್ಮೆ ಮುಚ್ಚಿಹೋಯಿತೆಂದರೆ ಅದೇ ಕಾಮಾಲೆ, ಅದೇ ಚಳಿಜ್ವರ, ಕೆಲವೊಮ್ಮೆ ಮೊದಲಿಗಿಂತ ತೀವ್ರವಾಗಿ ಮರಳುತ್ತದೆ. ಆದ್ದರಿಂದ 3ರಿಂದ 6 ತಿಂಗಳೊಳಗೆ ಅದನ್ನು ತೆಗೆಯಬೇಕು ಅಥವಾ ಬದಲಿಸಬೇಕು. ಸ್ಟೆಂಟ್ ಇಟ್ಟದ್ದು ವ್ಯರ್ಥವೆಂದು ಭಾವಿಸಬೇಡಿ. ಅದರೊಂದಿಗೆ ಉಜ್ಜಿ ಉಜ್ಜಿ ಕಲ್ಲು ಸವೆಯುವುದೂ ಕೆಲವೊಮ್ಮೆ ಒಡೆಯುವುದೂ ಉಂಟು, ಹೀಗಾಗಿ ಎರಡನೆಯ ಪ್ರಯತ್ನ ಹಗುರವಾಗಬಹುದು.

ಇನ್ನು ಮೊದಲ ಸಲ ಕಲ್ಲು ಏಕೆ ಬರಲಿಲ್ಲ ಎಂಬುದನ್ನು ನೋಡೋಣ. ಪಿತ್ತನಾಳ ಕರುಳಿಗೆ ತೆರೆದುಕೊಳ್ಳುವ ಬಾಯಿಯ ಸ್ನಾಯುವನ್ನು ಎಂಡೋಸ್ಕೋಪಿನ ಮೂಲಕ ಕತ್ತರಿಸಿ ಕಲ್ಲು ಹೊರತೆಗೆಯುವ ವಿಧಾನ 1974ರಿಂದ ಬಳಕೆಯಲ್ಲಿದೆ, ಹತ್ತರಲ್ಲಿ ಎಂಟು-ಒಂಬತ್ತು ಮಂದಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಉಳಿದವರ ಕಲ್ಲು 15 ಮಿಲಿಮೀಟರಿಗಿಂತ ದೊಡ್ಡದಾಗಿರುತ್ತದೆ, ನಾಳದ ಗೋಡೆಗೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ, ಅಥವಾ ಕಿರಿದಾದ ಭಾಗದ ಮೇಲ್ಗಡೆ ಕುಳಿತಿರುತ್ತದೆ. ಕತ್ತರಿಸುವುದಕ್ಕೂ ಒಂದು ಮಿತಿಯಿದೆ. ಅದನ್ನು ಮೀರಿದರೆ ರಕ್ತಸ್ರಾವವಾಗಬಹುದು, ಕರುಳಿನ ಗೋಡೆ ತೂತಾಗಬಹುದು.

ಬಲೂನ್ ವಿಧಾನದಲ್ಲಿ ವೈದ್ಯರು ಚಿಕ್ಕದಾಗಿ ಕತ್ತರಿಸಿ, ಉಳಿದ ಅಗಲವನ್ನು 12ರಿಂದ 20 ಮಿಲಿಮೀಟರಿನ ಬಲೂನಿನಿಂದ ಪಡೆಯುತ್ತಾರೆ. ಬಲೂನಿಗೆ ಕಾಂಟ್ರಾಸ್ಟ್ ದ್ರವ (ಎಕ್ಸ್‌ರೇಯಲ್ಲಿ ಎದ್ದು ಕಾಣುವ ದ್ರವ) ತುಂಬುತ್ತಿದ್ದಂತೆ ಎಕ್ಸ್‌ರೇ ಪರದೆಯಲ್ಲಿ ಅದರ ನಡುವೆ ಡಮರುವಿನಂಥ ಒಂದು ಸೊಂಟ ಕಾಣಿಸುತ್ತದೆ, ಒತ್ತಡ ನಿಧಾನವಾಗಿ ಏರಿದಂತೆ ಅದು ಮಾಯವಾಗುತ್ತದೆ. ಮಾಯವಾಗದೆ ಹಾಗೆಯೇ ನಿಂತರೆ ಅಲ್ಲಿ ಮೊದಲು ಗಮನಕ್ಕೆ ಬಾರದ ಕಿರಿದಾದ ಭಾಗವಿದೆ ಎಂದರ್ಥ. ಅನುಭವಿ ಕೈ ಅಲ್ಲಿಗೇ ನಿಲ್ಲಿಸುತ್ತದೆ, ಒತ್ತಡ ಹೆಚ್ಚಿಸುವುದಿಲ್ಲ. ಬಲೂನಿನ ಗಾತ್ರ ನಾಳದ ಕೆಳಭಾಗದ ಅಗಲವನ್ನು ಮೀರಬಾರದೆಂಬ ನಿಯಮ ಇರುವುದೂ ನಾಳ ಹರಿಯದಿರಲೆಂದೇ. ಬಲೂನಿನಿಂದ ಮೇದೋಜೀರಕ ಗ್ರಂಥಿಯ ಉರಿಯೂತ ಹೆಚ್ಚುತ್ತದೆ ಎಂಬ ಮಾತನ್ನು ನೀವು ಕೇಳಿರಬಹುದು. ಆ ಭಯ ಹುಟ್ಟಿದ್ದು ಸ್ನಾಯುವನ್ನು ಕತ್ತರಿಸದೆ ಸಣ್ಣ ಬಲೂನನ್ನು ಮಾತ್ರ ಬಳಸಿದ ಚಿಕಿತ್ಸೆಗಳಿಂದ. ಮೊದಲು ಕತ್ತರಿಸಿ ಅನಂತರ ದೊಡ್ಡ ಬಲೂನ್ ಬಳಸುವ ಕ್ರಮಕ್ಕೆ ಅದು ಅದೇ ಪ್ರಮಾಣದಲ್ಲಿ ಅನ್ವಯಿಸುವುದಿಲ್ಲ. ಯುರೋಪಿನ ಎಂಡೋಸ್ಕೋಪಿ ಸಂಘದ 2019ರ ಮಾರ್ಗಸೂಚಿಯೂ ಕಷ್ಟದ ಕಲ್ಲುಗಳಿಗೆ ಈ ಜೋಡಿ ಕ್ರಮವನ್ನೇ ಮೊದಲ ಹೆಜ್ಜೆಯಾಗಿ ಸೂಚಿಸುತ್ತದೆ.

ಕಲ್ಲನ್ನು ತಂತಿಯ ಬುಟ್ಟಿಯಲ್ಲಿ ಹಿಡಿದು, ಹೊರಗಿನ ಹಿಡಿಕೆ ತಿರುಗಿಸಿ ಪುಡಿಮಾಡುವ ಮೆಕ್ಯಾನಿಕಲ್ ಲಿಥೊಟ್ರಿಪ್ಸಿ ಹಳೆಯ, ಇಂದಿಗೂ ಉಪಯುಕ್ತವಾದ ಸಾಧನ. ಆದರೆ ಬುಟ್ಟಿ ಅರಳಲು ಕಲ್ಲಿನ ಸುತ್ತ ಜಾಗ ಬೇಕು. ಬಿಗಿಯಾಗಿ ಕೂತ ಕಲ್ಲಿಗೆ ಅದು ನಿರುಪಯೋಗಿ, ಕಲ್ಲನ್ನು ಹಿಡಿದ ಬುಟ್ಟಿಯೇ ನಾಳದಲ್ಲಿ ಸಿಕ್ಕಿಕೊಳ್ಳುವ ಸಂದರ್ಭವೂ ಇದೆ.

ಲೇಸರಿನ ವಿಶೇಷವೆಂದರೆ ಅಲ್ಲಿ ಕಲ್ಲನ್ನು ನೇರವಾಗಿ ಕಣ್ಣಿನಿಂದ ಕಂಡು ಒಡೆಯಬಹುದು. ಮೂರೂವರೆ ಮಿಲಿಮೀಟರಿನಷ್ಟು ತೆಳುವಾದ ಕೊಲ್ಯಾಂಜಿಯೊಸ್ಕೋಪನ್ನು, ಅಂದರೆ ಪಿತ್ತನಾಳದ ಒಳಗನ್ನು ತೋರಿಸುವ ಪುಟ್ಟ ದರ್ಶಕವನ್ನು, ದೊಡ್ಡ ಎಂಡೋಸ್ಕೋಪಿನೊಳಗಿಂದ ಪಿತ್ತನಾಳಕ್ಕೆ ಇಳಿಸಿ, ಲೇಸರ್ ನಾರನ್ನು ಅಥವಾ ವಿದ್ಯುತ್ ಕಿಡಿ ಹೊಮ್ಮಿಸುವ ತಂತಿಯ ತುದಿಯನ್ನು ಕಲ್ಲಿನ ಎದುರಿಗೆ ಹಿಡಿಯುತ್ತಾರೆ. ಬೇರೆ ವಿಧಾನಗಳು ಸೋತ ಕಲ್ಲುಗಳಲ್ಲೂ ಬಹುಪಾಲು ಇದರಿಂದ ತೆರವಾಗುತ್ತವೆ, ಆದರೆ ಕೆಲವರಿಗೆ ಒಂದಕ್ಕಿಂತ ಹೆಚ್ಚು ಸರದಿ ಬೇಕಾಗುತ್ತದೆ. ಚಿಕಿತ್ಸೆಯುದ್ದಕ್ಕೂ ನಾಳದೊಳಗೆ ಸಲೈನ್ ಹರಿಸುತ್ತಿರುವುದರಿಂದ ಒತ್ತಡ ಏರಿ ಸೋಂಕು ಹರಡಬಹುದು, ಅದಕ್ಕಾಗಿ ಮೊದಲೇ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಸಮಯ ಮತ್ತು ಖರ್ಚು ಎರಡೂ ಬಲೂನಿಗಿಂತ ಹೆಚ್ಚು, ಸಲಕರಣೆ ಎಲ್ಲೆಡೆ ಇರುವುದಿಲ್ಲ.

ಹಾಗಾದರೆ ನಿಮ್ಮ ಇಬ್ಬರು ವೈದ್ಯರಲ್ಲಿ ಯಾರು ಸರಿ? ಇಬ್ಬರೂ ಸರಿಯಿರಬಹುದು. ನನ್ನ ಮಟ್ಟಿಗೆ ನಿರ್ಣಾಯಕವಾದುದು ಕಲ್ಲಿನ 18 ಮಿಲಿಮೀಟರ್ ಅಲ್ಲ, ಅದರ ಕೆಳಗಿನ ನಾಳದ ಅಗಲ. ಕೆಳಭಾಗವೂ ಹೆಚ್ಚುಕಡಿಮೆ ಅಷ್ಟೇ ಹಿಗ್ಗಿದ್ದು, ಕಲ್ಲು ಸಡಿಲವಾಗಿದ್ದರೆ ಬಲೂನಿನಿಂದ ಆರಂಭಿಸಿ, ಅಗತ್ಯವಾದರೆ ಅದೇ ಸರದಿಯಲ್ಲಿ ಬುಟ್ಟಿಯಿಂದ ಒಡೆಯುವುದು ಸೂಕ್ತ. ಕೆಳಗೆ ನಾಳ ಕಿರಿದಾಗಿದ್ದರೆ ಅಥವಾ ಕಲ್ಲು ಗೋಡೆಗೆ ಕಚ್ಚಿಕೊಂಡಿದ್ದರೆ ಬಲೂನಿನ ಹಟ ಬಿಟ್ಟು ನೇರವಾಗಿ ಲೇಸರಿಗೆ ಹೋಗುವುದು ಮೇಲು. ಎಂಆರ್‌ಸಿಪಿ (ಪಿತ್ತನಾಳದ ಎಂಆರ್‌ಐ ಸ್ಕ್ಯಾನ್) ಚಿತ್ರವನ್ನು ಮುಂದಿಟ್ಟು ಇಬ್ಬರನ್ನೂ ಈ ಒಂದು ಪ್ರಶ್ನೆ ಕೇಳಿ: ಕಲ್ಲಿನ ಕೆಳಗೆ ನಾಳ ಎಷ್ಟು ಅಗಲವಿದೆ? ಉತ್ತರ ಸ್ಪಷ್ಟವಾದಂತೆ ಅವರ ಅಭಿಪ್ರಾಯಗಳೂ ಹತ್ತಿರವಾಗುವ ಸಾಧ್ಯತೆ ಹೆಚ್ಚು.

ನಿಮ್ಮ ತಂದೆ ಹೃದಯಕ್ಕಾಗಿ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮುಂಚಿತವಾಗಿ ತಿಳಿಸಿ, ತಾವಾಗಿಯೇ ನಿಲ್ಲಿಸಬೇಡಿ. ಮೇದೋಜೀರಕ ಗ್ರಂಥಿಯ ಉರಿಯೂತವನ್ನು ತಡೆಯಲು ಗುದದ ಮೂಲಕ 100 ಮಿಲಿಗ್ರಾಂ ಡೈಕ್ಲೋಫೆನಾಕ್ ಅಥವಾ ಇಂಡೋಮೆಥಸಿನ್ ಕೊಡುವ ಪದ್ಧತಿಯಿದೆ; ಮೂತ್ರಪಿಂಡದ ತೊಂದರೆ ಅಥವಾ ಆ ಔಷಧಿಗಳ ಅಲರ್ಜಿ ಇದ್ದರೆ ಅದನ್ನೂ ಹೇಳಿ. ಪಿತ್ತಕೋಶ ಇನ್ನೂ ಉಳಿದಿದ್ದು ಅದರಲ್ಲಿಯೂ ಕಲ್ಲುಗಳಿದ್ದರೆ, ನಾಳ ತೆರವಾದ ಮೇಲೆ ಅದರ ಶಸ್ತ್ರಚಿಕಿತ್ಸೆಯ ಬಗ್ಗೆ ವೈದ್ಯರೊಂದಿಗೆ ಚರ್ಚಿಸಬೇಕು. ಸ್ಟೆಂಟ್ ಇಟ್ಟ ದಿನಾಂಕವನ್ನು ಕಾಣುವ ಕಡೆ ಬರೆದಿಡಿ, ಮತ್ತು ಚಳಿಯೊಡನೆ ಜ್ವರ ಬಂದರೆ ಅಥವಾ ಕಣ್ಣು ಹಳದಿಯಾದರೆ, ನಿಗದಿತ ದಿನಕ್ಕೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.