ಬೇಸ್‌ಮೆಂಟ್‌ನಲ್ಲಿ ಮುಳುಗಿದ ಕಾರು: ರಿಪೇರಿ ಮಾಡಿಸಬೇಕಾ, ಬಿಡಬೇಕಾ?

ನೀವು ಕೇಳಿರೋದು ಇಷ್ಟು, ಅಲ್ವಾ? ರಾತ್ರಿ ಮಳೆಗೆ ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ತುಂಬಿ, ನಿಮ್ಮ ಆರು ವರ್ಷದ ಪೆಟ್ರೋಲ್ ಕಾರು ಸೀಟಿನ ಮಟ್ಟಕ್ಕೆ ಮುಳುಗಿತ್ತು. ಈಗ ನೀರು ಇಳಿದಿದೆ. ಹತ್ತಿರದ ಮೆಕ್ಯಾನಿಕ್ "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತಿದ್ದಾರೆ.

ದಯವಿಟ್ಟು ಬೇಡ. ಒಂದೇ ಒಂದು ಸಲ ಸೆಲ್ಫ್ ಕೂಡ ಹೊಡೆಯಬೇಡಿ. ಬಾನೆಟ್ ಎತ್ತಿ ಬ್ಯಾಟರಿಯ ಮೈನಸ್ ವೈರ್ ಬಿಚ್ಚಿಡಿ, ಆಮೇಲೆ ಮುಂದೆ ಓದಿ.

ನಾನು ಬೆಂಗಳೂರಿನ ಹೊರ ವರ್ತುಲ ರಸ್ತೆ ಕಡೆ ಗ್ಯಾರೇಜ್ ನಡೆಸುತ್ತೇನೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು, ಸರ್ಜಾಪುರ ರಸ್ತೆಯ ಲೇಔಟುಗಳೆಲ್ಲ ಕೆರೆಯಂತಾದಾಗ ಇಂಥ ಕಾರುಗಳನ್ನೇ ಬಿಚ್ಚುತ್ತಿದ್ದೆ. ನಿಂತಲ್ಲೇ ಮುಳುಗಿದ ಕಾರಿನ ಎಂಜಿನ್ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಅದು ಹಾಳಾಗೋದು ನೀರು ಇಳಿದ ಮೇಲೆ ಯಾರೋ ಕೀಲಿ ತಿರುಗಿಸಿದಾಗ. ಪಿಸ್ಟನ್ ಮೇಲೆ ಬರುವಾಗ ಗಾಳಿ ಕುಗ್ಗುತ್ತದೆ, ನೀರು ಕುಗ್ಗಲ್ಲ. ಸಿಲಿಂಡರ್‌ನಲ್ಲಿ ನೀರಿದ್ದರೆ ಆ ಒತ್ತಡವೆಲ್ಲ ಪಿಸ್ಟನ್ನನ್ನು ತಳ್ಳೋ ಕನೆಕ್ಟಿಂಗ್ ರಾಡ್ ಮೇಲೆ ಬಿದ್ದು ರಾಡ್ ಬಗ್ಗುತ್ತದೆ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಉಳಿಯೋ ಜಾಗವೇ ಕಮ್ಮಿ, ಹಾಗಾಗಿ ಅಲ್ಲಿ ಸ್ವಲ್ಪ ನೀರೇ ಸಾಕು.

ಇದಕ್ಕೂ ಇನ್ಶೂರೆನ್ಸಿಗೂ ನೇರ ಸಂಬಂಧ ಇದೆ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ನೆರೆಯಿಂದಾದ ನಷ್ಟಕ್ಕೆ ದುಡ್ಡು ಸಿಗುತ್ತದೆ. ಬರೀ ಥರ್ಡ್ ಪಾರ್ಟಿ ಇದ್ದರೆ ಏನೂ ಇಲ್ಲ. ಆದರೆ ನೀರಿದ್ದ ಎಂಜಿನ್ನಿಗೆ ಸೆಲ್ಫ್ ಹೊಡೆದು ರಾಡ್ ಬಗ್ಗಿಸಿಕೊಂಡರೆ ಅದು ನೆರೆಯ ಲೆಕ್ಕಕ್ಕೆ ಬರಲ್ಲ. ಎಂಜಿನ್ ಪ್ರೊಟೆಕ್ಟ್ ಅನ್ನೋ ಆಡ್-ಆನ್ (ಹೆಚ್ಚುವರಿ ಕವರ್) ತಗೊಂಡಿಲ್ಲ ಅಂದ್ರೆ ಕಂಪನಿ ಕೈ ಎತ್ತುತ್ತದೆ. ಅದಕ್ಕೇ ಮೊದಲು ಕ್ಲೇಮ್ ನಂಬರ್ ತಗೊಳ್ಳಿ. ಬಾಗಿಲು, ಸೀಟು, ಡ್ಯಾಶ್‌ಬೋರ್ಡ್ ಮೇಲೆ ಕೆಸರಿನ ಗೆರೆ ಎಲ್ಲಿವರೆಗೆ ಇದೆ ಅಂತ ಕಾಣೋ ಹಾಗೆ ಫೋಟೋ ತೆಗೀರಿ. ಆ ಗೆರೆಯನ್ನು ತೊಳೆಯಬೇಡಿ, ನಷ್ಟ ಅಳೆಯೋಕೆ ಇನ್ಶೂರೆನ್ಸ್ ಕಂಪನಿ ಕಳಿಸೋ ಸರ್ವೇಯರ್ ಬಂದು ನೋಡೋವರೆಗೆ ಏನನ್ನೂ ಬಿಚ್ಚಿಸಲೂಬೇಡಿ. ಗ್ಯಾರೇಜಿಗೆ ಫ್ಲಾಟ್‌ಬೆಡ್ ಗಾಡಿ ಮೇಲೇ ಹೋಗಲಿ. ಅಲ್ಲಿಯವರೆಗೆ ಚಕ್ರಕ್ಕೆ ಕಲ್ಲು ಕೊಟ್ಟು ಹ್ಯಾಂಡ್‌ಬ್ರೇಕ್ ಇಳಿಸಿಡಿ, ಇಲ್ಲದಿದ್ರೆ ಹಿಂದಿನ ಬ್ರೇಕ್ ಶೂ ತುಕ್ಕು ಹಿಡಿದು ಡ್ರಮ್‌ಗೆ ಅಂಟಿಕೊಳ್ಳುತ್ತದೆ.

ಸರ್ವೆ ಆದ ಮೇಲೆ ಎಂಜಿನ್ ಕೆಲಸ ಹೀಗೆ ನಡೆಯಬೇಕು. ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಬೇಕು. ಒಳಗೆ ಒಣಗಿದ್ದು ಕೆಸರಿನ ಗುರುತೂ ಇಲ್ಲ ಅಂದ್ರೆ ಒಳ್ಳೇ ಸುದ್ದಿ. ಆಮೇಲೆ ಸ್ಪಾರ್ಕ್ ಪ್ಲಗ್ ಎಲ್ಲ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ನಟ್‌ಗೆ ಪಾನಾ ಹಾಕಿ ಎಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಬೇಕು, ನೀರಿದ್ದರೆ ಪ್ಲಗ್ ತೂತಿನಿಂದ ಆಚೆ ಬರುತ್ತದೆ. ಆಯಿಲ್ ಗೇಜ್ ಎಳೆದು ನೋಡಿ, ಹಾಲು ಹಾಕಿದ ಕಾಫಿ ಬಣ್ಣ ಇದ್ದರೆ ಆಯಿಲ್‌ಗೆ ನೀರು ಸೇರಿದೆ. ಹಾಗಿದ್ದಾಗ ಆಯಿಲ್, ಫಿಲ್ಟರ್ ಒಂದು ಸಲ ಬದಲಿಸಿದರೆ ಸಾಲಲ್ಲ. ಸ್ವಲ್ಪ ಹೊತ್ತು ಓಡಿಸಿ ಅದನ್ನೂ ಚೆಲ್ಲಿ ಮತ್ತೆ ಹೊಸದು ಹಾಕಬೇಕು. ಗೇರ್ ಆಯಿಲ್, ಬ್ರೇಕ್ ಆಯಿಲ್, ಪೆಟ್ರೋಲ್ ಟ್ಯಾಂಕ್ ತಳದಲ್ಲಿ ಕೂತಿರೋ ನೀರು, ಸ್ಟಾರ್ಟರ್, ಆಲ್ಟರ್ನೇಟರ್ ಇವನ್ನೂ ನೋಡಬೇಕು.

ಇಷ್ಟಾದ ಮೇಲೂ ನನಗೆ ಭಯ ಇರೋದು ವೈರಿಂಗ್ ಬಗ್ಗೆ. ಸೀಟಿನ ಮಟ್ಟ ಅಂದ್ರೆ ನೆಲದ ಕಾರ್ಪೆಟ್ ಕೆಳಗೆ ಹಾದುಹೋಗಿರೋ ವೈರಿಂಗ್ ಪೂರ್ತಿ ಮುಳುಗಿದೆ ಅಂತ ಅರ್ಥ. ಏರ್‌ಬ್ಯಾಗ್ ಮಾಡ್ಯೂಲ್, ಅಂದ್ರೆ ಏರ್‌ಬ್ಯಾಗ್ ಬಿಚ್ಚಿಸೋ ಎಲೆಕ್ಟ್ರಾನಿಕ್ ಡಬ್ಬಿ, ಸಾಮಾನ್ಯವಾಗಿ ಇರೋದೇ ಎರಡು ಮುಂದಿನ ಸೀಟುಗಳ ನಡುವೆ, ಗೇರ್ ಲಿವರ್ ಆಸುಪಾಸಿನಲ್ಲಿ, ನೆಲಕ್ಕೆ ಬೋಲ್ಟ್ ಮಾಡಿ. ಸೀಟಿನ ಕೆಳಗಿರೋ ಹಳದಿ ಕಪ್ಲರ್‌ಗಳೂ (ವೈರ್ ಜೋಡಿಸೋ ಪ್ಲಗ್) ಏರ್‌ಬ್ಯಾಗ್, ಸೀಟ್ ಬೆಲ್ಟಿಗೇ ಸೇರಿದ್ದು. ಇಂಥ ಕಾರಿನ ಕಪ್ಲರನ್ನು ಕೆಲವು ವಾರ ಬಿಟ್ಟು ಬಿಚ್ಚಿ ಟಾರ್ಚ್ ಹಿಡಿದು ನೋಡಿದರೆ, ಸಣ್ಣ ಪಿನ್ನುಗಳ ಬುಡದಲ್ಲಿ ಹಸಿರಾಗಿ ಪುಡಿಪುಡಿಯಾದ ಕಿಲುಬು ಕಾಣುತ್ತದೆ. ಇದು ಮೊದಲ ವಾರ ಇರಲ್ಲ, ನಿಧಾನಕ್ಕೆ ಬೆಳೆಯುತ್ತದೆ. ಅದಕ್ಕೇ ರಿಪೇರಿ ಆದ ಹೊಸದರಲ್ಲಿ ಎಲ್ಲ ಸರಿ ಇದ್ದು, ತಿಂಗಳುಗಳು ಕಳೆದ ಮೇಲೆ ಪವರ್ ವಿಂಡೋ ನಿಲ್ಲುತ್ತದೆ, ಏರ್‌ಬ್ಯಾಗ್ ಲೈಟ್ ಹತ್ತಿಕೊಳ್ಳುತ್ತದೆ. ನೀರು ಕುಡಿದ ಏರ್‌ಬ್ಯಾಗ್ ಮಾಡ್ಯೂಲನ್ನು ಒಣಗಿಸಿ ವಾಪಸ್ ಹಾಕ್ತೀನಿ ಅನ್ನೋರ ಹತ್ತಿರ ಕಾರು ಬಿಡಬೇಡಿ. ಅದರಲ್ಲಿ ಕೂರೋದು ನಿಮ್ಮ ಮನೆಯವರು.

ಕಾರ್ಪೆಟ್ ವಿಷಯ ಕೂಡ. ಮೇಲೆ ಕೈಯಾಡಿಸಿದರೆ ಒಣಗಿರುತ್ತದೆ. ಅಂಗೈಯಿಂದ ಗಟ್ಟಿಯಾಗಿ ಒತ್ತಿದರೆ ಕೆಳಗಿನ ಫೋಮ್‌ನಿಂದ ಕಪ್ಪು ನೀರು ಜಿನುಗುತ್ತದೆ. ಬೇಸ್‌ಮೆಂಟಿಗೆ ಬರೋದು ಬರೀ ಮಳೆನೀರಲ್ಲ, ಚರಂಡಿ ನೀರೂ ಸೇರಿರುತ್ತದೆ. ಸೀಟೆಲ್ಲ ಕಳಚಿ, ಕಾರ್ಪೆಟ್ ಪೂರ್ತಿ ಆಚೆ ತೆಗೆದು, ನೆಲದ ತಗಡು ತೊಳೆದು ಒಣಗಿಸಬೇಕು. ಕಾರ್ಪೆಟ್ ಹಾಗೇ ಬಿಟ್ಟು ಮೇಲಿಂದ ಶಾಂಪೂ ಹಾಕಿ ಸೆಂಟ್ ಹೊಡೆದರೆ ಮುಗ್ಗಲು ವಾಸನೆಯೂ ಹೋಗಲ್ಲ, ತಗಡೂ ಉಳಿಯಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ. ನೀರು ಬರೀ ಕಾರ್ಪೆಟ್‌ವರೆಗೆ ಬಂದಿದ್ದರೆ ಯೋಚನೆ ಮಾಡದೆ ರಿಪೇರಿ ಮಾಡಿಸಿ ಅಂತಿದ್ದೆ. ಡ್ಯಾಶ್‌ಬೋರ್ಡ್ ಮುಳುಗಿದ್ದರೆ ಬಿಟ್ಟುಬಿಡಿ ಅಂತಿದ್ದೆ. ನಿಮ್ಮದು ಮಧ್ಯದಲ್ಲಿದೆ, ಹಾಗಾಗಿ ಲೆಕ್ಕ ಹಾಕಲೇಬೇಕು. ಆರು ವರ್ಷದ ಕಾರಿಗೆ ಬಂಪರ್ ಟು ಬಂಪರ್ (ಸವಕಳಿ ಅಂತ ದುಡ್ಡು ಮುರಿದುಕೊಳ್ಳದ ಆಡ್-ಆನ್) ಇಲ್ಲದಿದ್ದರೆ, ಬದಲಾಯಿಸಿದ ಲೋಹದ ಭಾಗಗಳ ಬೆಲೆಯಲ್ಲಿ 40% ಮುರಿದುಕೊಳ್ಳುತ್ತಾರೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಏರ್‌ಬ್ಯಾಗ್‌ಗೆ 50%. ಆ ವ್ಯತ್ಯಾಸ ನಿಮ್ಮ ಜೇಬಿನಿಂದಲೇ ಹೋಗಬೇಕು. ಒಟ್ಟು ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದಿರೋ ಐಡಿವಿಯ (ಕಾರಿಗೆ ಕಂಪನಿ ಒಪ್ಪಿರೋ ಬೆಲೆ) 75% ದಾಟಿದರೆ ಅದು ಟೋಟಲ್ ಲಾಸ್, ಅಂದ್ರೆ ರಿಪೇರಿ ಬದಲು ಕಾರನ್ನೇ ಪೂರ್ತಿ ಹೋಯಿತು ಅಂತ ಲೆಕ್ಕ ಹಿಡಿಯೋದು. ನಿಮ್ಮ ಎಸ್ಟಿಮೇಟ್ ಆ ಗೆರೆಯ ಹತ್ತಿರ ಬಂದರೆ, ನನ್ನ ಅಭಿಪ್ರಾಯದಲ್ಲಿ ಟೋಟಲ್ ಲಾಸ್‌ಗೆ ಒಪ್ಪಿಕೊಳ್ಳೋದೇ ವಾಸಿ.

ಎಸ್ಟಿಮೇಟ್ ಬಂದಾಗ ವೈರಿಂಗ್, ಏರ್‌ಬ್ಯಾಗ್ ಮಾಡ್ಯೂಲ್, ಕಾರ್ಪೆಟ್ ಮೂರೂ ಅದರಲ್ಲಿವೆಯಾ ನೋಡಿ. ಖರ್ಚು ಕಮ್ಮಿ ತೋರಿಸೋಕೆ ಬಿಡೋದು ಅವನ್ನೇ. ಇಲ್ಲದಿದ್ರೆ ಸರ್ವೇಯರ್ ಎದುರೇ ಕೇಳಿ ಬರೆಸಿ. ಕಾರಿನ ಮಾಡೆಲ್ ಮತ್ತು ಐಡಿವಿ ಇಲ್ಲಿ ಹಾಕಿದ್ರೆ ಎಸ್ಟಿಮೇಟ್ ಸರಿ ಇದೆಯಾ ಅಂತ ನಾನೇ ನೋಡಿ ಹೇಳ್ತೀನಿ.